ಆರೋ ಏಳೋ

ತದಡಿಯ ಧಕ್ಕೆಯ ಹಿಂದೆ, ಐಸ್ ಫ್ಯಾಕ್ಟರಿಯ ಗೋಡೆಗೆ ಆತುಕೊಂಡು
ಪುರ್ಸು ಅಂಬಿಗನ ಶೆಡ್ಡು.
ದೋಣಿಗೆ ಫೈಬರ್ ಹಚ್ಚುವವ. ಬಿಡುವಿದ್ದರೆ ನಮ್ಮ ಹಲಗೆಗೂ.
ಕಾಲಿಡುತ್ತಲೇ ಮೂಗಿಗೆ ರಾಳದ ಘಾಟು,
ಅದರ ಬೆನ್ನಿಗೆ ಒಣಶೆಟ್ಲಿಯದು.

"ಎಷ್ಟಡಿ?" ಅಂದ.
"ಐದಡಿ ಹತ್ತಿಂಚು," ಅಂದೆ, ಮೊದಲಿನ ಹಾಗೇ.
ಅವ ನನ್ನ ಮುಖ ನೋಡಲಿಲ್ಲ, ಭುಜ ನೋಡಿದ.

ಬಲಭುಜ. ಅದಕ್ಕೊಂದು ಬೇರೆಯೇ ಪಂಚಾಂಗ.
ಅಂಗಿ ತೊಡುವಾಗ ಮಂಗಳವಾರ,
ನಾಗಂದಿಗೆಯ ಡಬ್ಬಿಗೆ ಕೈಚಾಚಿದರೆ ಅಮಾವಾಸ್ಯೆ,
ನೀರಲ್ಲಿ ಹತ್ತು ಸಲ ಎಳೆದರೆ
ಹನ್ನೊಂದನೆಯದಕ್ಕೆ ಗ್ರಹಣ.

ಹೋದ ಸ್ವಾತಿಯಲ್ಲಿ ಅಳಿವೆಯ ದಿಬ್ಬದ ಮೇಲೆ
ಒಳ್ಳೆ ತೆರೆ ಬಿದ್ದಿತ್ತು,
ಎಡಕ್ಕೆ ಸುರುಳಿ ಬಿಚ್ಚುವ ಚಾಪೆಯಂಥದು.
ನನ್ನ ಅಡಿಯಿಂದಲೇ ಹೋಯಿತು. ಒಂದಲ್ಲ, ಒಂಬತ್ತು.
ಒಂದೊಂದೂ ನನ್ನನ್ನು ಎತ್ತಿ, ತೂಕ ನೋಡಿ,
ಬೇಡವೆಂದು ಬುಟ್ಟಿಗೆ ಮರಳಿಸುವ ಹಾಗೆ ಕೆಳಗಿಟ್ಟು
ಮುಂದೆ ಕೂತ ತನುಜಾಳನ್ನು ಎತ್ತಿಕೊಂಡು ನಡೆಯಿತು.
ತಂಗಿಯ ಮಗಳು. ಹತ್ತೊಂಬತ್ತು. ನಾನೇ ಕಲಿಸಿದ್ದು.
ಅವಳು ಹಿಂತಿರುಗಿ ನೋಡಿದಳು.
ನೋಡಬಾರದಿತ್ತು.

ಪುರ್ಸು ನೆಲಕ್ಕೆ ಗೋಣಿ ಹಾಸಿ
"ಬೋರಲು ಮಲಗು" ಅಂದ.
ಐವತ್ತೇಳರ ಮನುಷ್ಯ, ಕೈಯಲ್ಲಿ ಗಡಿಯಾರ, ಜೇಬಲ್ಲಿ ಕನ್ನಡಕ,
ಗೋಣಿಯ ಮೇಲೆ ಗಾಳಿಯಲ್ಲಿ ಈಜಿದೆ.
ಐಸ್ ಹೊರುವ ಹುಡುಗರು ಬಾಗಿಲಲ್ಲಿ ನಿಂತರು.
"ಕಡಲಾಮೆ," ಒಬ್ಬ ಅಂದ.
"ಮೊಟ್ಟೆ ಇಡ್ಲಿಕ್ಕೆ ಬಂದದ್ದು," ಇನ್ನೊಬ್ಬ.
ನಾನೂ ನಕ್ಕೆ. ನಕ್ಕರೂ ಭುಜ ನೋಯುತ್ತದೆ.

ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ,
ಮೀನು.
ಮೂತಿ ಅಗಲ, ಎದೆ ದಪ್ಪ, ಬಾಲ ಎರಡಾಗಿ ಸೀಳಿ.
ಬಾಲ ಬಂಗುಡೆಯದು, ಉದ್ದ ಮಾತ್ರ ಇಸ್ವಾಣದ್ದು.
ಅಡಿಯಲ್ಲಿ ಎರಡೇ ರೆಕ್ಕೆ.
"ಇದರ ಹೊಟ್ಟೇಲಿ ಗಾಳಿ ಜಾಸ್ತಿ.
ಹತ್ತು ಸಲ ಎಳೆಯೋದನ್ನ ಐದರಲ್ಲಿ ಮುಗಿಸ್ತದೆ.
ತೆರೆ ಇನ್ನೂ ಯೋಚಿಸ್ತಾ ಇರುವಾಗಲೇ ನೀನು ಅದರ ಮೇಲೆ."
"ತಿರುಗ್ತದಾ?"
"ತಿರುಗ್ತದೆ. ಮಚವೆ ತಿರುಗಿದ ಹಾಗೆ.
ಸ್ವಲ್ಪ ಮೊದಲೇ ಹೇಳಿಡಬೇಕು."

ಮೀನು ಆರಿಸುವುದು ನನಗೆ ಗೊತ್ತು.
ಕಿವಿರು ಎತ್ತಿ ಕೆಂಪು ನೋಡು, ಕಣ್ಣು ಉಬ್ಬಿದೆಯೋ ನೋಡು,
ಹೆಬ್ಬೆರಳಲ್ಲಿ ಒತ್ತು, ಗುಳಿ ಹಾಗೇ ಉಳಿದರೆ ಬಿಡು.
ಈ ಮೀನಿಗೆ ಕಿವಿರಿಲ್ಲ, ಕಣ್ಣಿಲ್ಲ.
ಒತ್ತಿ ನೋಡಬೇಕಾದ್ದು ನನ್ನನ್ನೇ.
ಮೀನಖಂಡದ ಮೇಲೆ ಒತ್ತಿದೆ.
ಗುಳಿ ತುಂಬಲು ತುಸು ಹೊತ್ತು ಹಿಡಿಯಿತು.

ಉಳಿದದ್ದು ಉದ್ದ.
"ಆರು ಸಾಕು," ಅಂದೆ, ಚೌಕಾಸಿಯ ದನಿಯಲ್ಲಿ.
"ಏಳು," ಅಂದ ಪುರ್ಸು.
"ಆರು."
"ಏಳು ಅಂದ್ನಲ್ಲ."
ಅವ ಹೇಳಿದ್ದು ಅಡಿಯೋ, ಗೋಣಿಯಿಂದ ಎದ್ದೇಳೆಂದೋ,
ನಮ್ಮ ಮಾತಿನಲ್ಲಿ ಇದೊಂದು ಕೀಟಲೆ.
ಆರು ಅಂತ ದೀಪಕ್ಕೆ ಹೇಳುವುದು,
ಬಿಸಿಗಂಜಿಗೆ, ಬೇಲಿಯ ಒದ್ದೆ ಲುಂಗಿಗೆ.
ಏಳು ಅಂತ ಅವ್ವಿ ಬೆಳಗಿನ ಜಾವ ಮೂರಕ್ಕೆ
ಬಲೆಗೆ ಹೊರಡಬೇಕಾದ ಅಪ್ಪನಿಗೆ.
ಎದ್ದೆ. ಮೊದಲು ಮೊಣಕಾಲು, ಆಮೇಲೆ ಗೋಡೆ ಹಿಡಿದು.

ಮುಂಗಡ ಎಣಿಸುತ್ತ ಹೇಳಿದೆ,
"ಮೂತಿಗೆ ಕೆಂಪು ಪಟ್ಟೆ ಬರಲಿ, ಹಳೆಯದರ ಹಾಗೇ."
ಹಳೆಯದು ಕುಡ್ಲೆಯಲ್ಲಿ ಒಬ್ಬ ಪರದೇಶಿ
ಊಟದ ಬಾಕಿಗೆ ಬಿಟ್ಟುಹೋದದ್ದು.
ಇಪ್ಪತ್ತೊಂಬತ್ತು ವರ್ಷ, ನಾಲ್ಕು ತೇಪೆ.
ಮೂರು ಇದೇ ಪುರ್ಸುವಿನವು.
"ಅದು ಇನ್ನು ಯಾರಿಗೆ?"
ತನುಜಾಳಿಗೆ ಅನ್ನಬೇಕಿತ್ತು.
"ಇರಲಿ," ಅಂದೆ, "ಒಂದು ಮಳೆಗಾಲ ಅಟ್ಟದ ಮೇಲೇ ಇರಲಿ."

ಅಘನಾಶಿನಿಗೆ ದಾಟುವ ದೋಣಿಯಲ್ಲಿ ಅಂಚಿಗೆ ಕೂತೆ.
ಕಾಲಬಳಿ ಚೀಲದ ತುಂಬ ಬಳಚು,
ಕಟಕಟ ಬಾಯಿ ಮುಚ್ಚಿಕೊಳ್ಳುತ್ತಿದ್ದವು.
ಇಳಿತದ ಹೊತ್ತು. ದೂರ ದಿಬ್ಬದ ಮೇಲೆ ಬಿಳಿ ಗೆರೆಯೊಂದು
ಎಡಕ್ಕೆ ನಡೆಯುತ್ತಿತ್ತು, ಮೇಲೆ ಯಾರೂ ಇಲ್ಲದೆ.
ಪಕ್ಕದವರು ನೋಡದ ಹಾಗೆ
ಬಲಗೈ ನೀರಿಗಿಳಿಸಿ ಒಮ್ಮೆ ಎಳೆದೆ.
ದೋಣಿಗೆ ಗೊತ್ತಾಗಲಿಲ್ಲ.
ಭುಜಕ್ಕೆ ಗೊತ್ತಾಯಿತು.